ಲಾಂಗು ಬೀಸಿದ ಮೇಲೆ ಎರಡನೇ ಏಟು ತಪ್ಪಿಸುವುದು ಹೇಗೆ

ಒಂದು ಗುಂಡೇಟು ಇನ್ನೊಂದನ್ನು ಕರೆಯುತ್ತದೆ, ಅಂಟುರೋಗದ ಹಾಗೆ. ಈ ಲೆಕ್ಕದ ಮೇಲೆ 2000ರಲ್ಲಿ ಷಿಕಾಗೋದಲ್ಲಿ ಗುಂಡೇಟು ತಡೆಯುವ ಕೆಲಸ ಶುರುಮಾಡಿದವರು ಸಾಂಕ್ರಾಮಿಕ ರೋಗತಜ್ಞ ಗ್ಯಾರಿ ಸ್ಲಟ್ಕಿನ್. ಬೆಂಗಳೂರಿನ ಗಲ್ಲಿಗಳಲ್ಲಿ ಬಂದೂಕಿಗಿಂತ ಲಾಂಗು, ಮಚ್ಚುಗಳೇ ಹೆಚ್ಚು. ಸೇಡಿನ ದಾರಿ ಮಾತ್ರ ಅದೇ.

ಸೇಡು ತಡೆಯಲು ನಡುವೆ ಹೋಗುವಾಗ ಅದೇ ಏರಿಯಾದಲ್ಲಿ ಬೆಳೆದವರ ಮಾತಿಗೇ ತೂಕ. ಯಾವ ಹುಡುಗ ಯಾರ ಮಾತು ಕೇಳುತ್ತಾನೆ ಅನ್ನುವುದು ಅವರಿಗೇ ಗೊತ್ತು. ಆದರೆ ಗಲಾಟೆಯ ಒಂದು ಕಡೆಯವರು ನಿಮ್ಮ ನೆಂಟರಾಗಿದ್ದರೆ ನೀವು ಹೋಗಬೇಡಿ, ಬೇರೆಯವರನ್ನು ಕಳಿಸಿ.

ಮೊದಲು ರಕ್ತ ನಿಲ್ಲಿಸಿ. ಒಗೆದ ಬಟ್ಟೆ ಮಡಚಿ ಗಾಯದ ಮೇಲೆ ಬಿಡದೆ ಒತ್ತಿ ಹಿಡಿಯಿರಿ. ಅದು ನೆನೆದರೆ ತೆಗೆಯದೆ ಮೇಲೊಂದು ಇಡಿ. ಚುಚ್ಚಿದ ಚಾಕು ಒಳಗೇ ಇದ್ದರೆ ಕೀಳಬೇಡಿ, ರಕ್ತ ತಡೆದಿರುವುದು ಅದೇ ಇರಬಹುದು. ಆಂಬುಲೆನ್ಸಿಗೆ 108, ಪೊಲೀಸರಿಗೆ 112.

ಸೇಡಿನ ಮಾತು ಹುಟ್ಟುವುದು ಆಸ್ಪತ್ರೆ ಗೇಟಿನ ಟೀ ಅಂಗಡಿಯಲ್ಲಿ. ಆ ರಾತ್ರಿಯೇ ಇಬ್ಬರು ಹೋಗಿ: ಒಬ್ಬರು ಏಟು ತಿಂದವನ ತಾಯಿ, ಅಕ್ಕಂದಿರ ಹತ್ತಿರ, ಇನ್ನೊಬ್ಬರು ಅವನ ದೋಸ್ತುಗಳ ಹತ್ತಿರ. ಬುದ್ಧಿ ಹೇಳಲು ಹೊರಟರೆ ಕೆಲಸ ಕೆಟ್ಟಿತು. ಕೋಪ ಪೂರ್ತಿ ಹೊರಬರಲಿ, ಆಮೇಲೆ ಕೇಳಿ: ‘ನೀನೂ ಒಳಗೆ ಹೋದ್ರೆ ಇವನ ಮನೆ ಯಾರು ನೋಡ್ಕೋತಾರೆ ಮಗಾ?’ ಕುಡಿದಿದ್ದರೆ ವಾದ ಬೇಡ, ಮನೆಗೆ ಮುಟ್ಟಿಸಿ. ಆ ಕಡೆಯ ಮಾತನ್ನು ಈ ಕಡೆಗೆ ಒಯ್ಯಬೇಡಿ. ಎರಡೂ ಕಡೆಯವರನ್ನು ಅದೇ ದಿನ ಎದುರುಬದುರು ಕೂರಿಸುವುದಂತೂ ಶುದ್ಧ ಮೂರ್ಖತನ.

ಕೇಸು ರಾಜಿ ಮಾಡಿಸುವುದು ನಿಮ್ಮ ಕೆಲಸವಲ್ಲ. ಕೊಲೆ ಯತ್ನವನ್ನು ಕಾನೂನು ರಾಜಿಗೆ ಬಿಡುವುದೂ ಇಲ್ಲ.

ವಾರ ಶಾಂತವಾಗಿತ್ತೆಂದು ಕೈಬಿಟ್ಟರೆ ಅಲ್ಲೇ ಎಡವುತ್ತೀರಿ. ಜಾಮೀನು ಸಿಕ್ಕಿ ಪರಪ್ಪನ ಅಗ್ರಹಾರದಿಂದ ಹೊರಬರುವ ದಿನ, ಸತ್ತವನ ಪುಣ್ಯತಿಥಿ, ಗಣೇಶನ ಮೆರವಣಿಗೆ, ಇವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಹಿಂದಿನ ದಿನವೇ ಮಾತಾಡಿಸಿ. ವಾಟ್ಸ್ಆ್ಯಪ್ ಸ್ಟೇಟಸ್ಸಿನ ಮೇಲೂ ಕಣ್ಣಿರಲಿ.

‘ಮೈನರ್ ಅಲ್ವಾ, ಏನೂ ಆಗಲ್ಲ’ ಎಂದು ಹುಡುಗರನ್ನು ಮುಂದೆ ಬಿಡುವವರಿದ್ದಾರೆ. ಇದು ಪೂರ್ತಿ ನಿಜವಲ್ಲ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಕೊಲೆಯಂಥ ಘೋರ ಅಪರಾಧಕ್ಕೆ 16 ತುಂಬಿದವನನ್ನು ವಯಸ್ಕನಂತೆ ವಿಚಾರಣೆಗೆ ಒಳಪಡಿಸಲು ಅವಕಾಶವಿದೆ. ಇದನ್ನು ಹುಡುಗನಿಗೇ ನೇರವಾಗಿ ಹೇಳಿ. ಅವನನ್ನು ಯಾರಾದರೂ ಬಳಸಿಕೊಳ್ಳುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಯಾರಾದರೂ ನಾಡ ಪಿಸ್ತೂಲು ತಂದು ‘ಒಂದಿನ ಇಟ್ಕೊಳಣ್ಣ’ ಎಂದರೆ ಮುಟ್ಟಬೇಡಿ. ಲೈಸೆನ್ಸಿಲ್ಲದೆ ಇಟ್ಟುಕೊಳ್ಳುವುದೇ ಅಪರಾಧ, ಒಳ್ಳೆಯ ಉದ್ದೇಶ ನೆಪಕ್ಕೆ ಬರುವುದಿಲ್ಲ. ಅಲ್ಲಿಂದ ಹೊರಬಂದು 112ಕ್ಕೆ ಫೋನ್ ಮಾಡಿ.