80ನೇ ನಿಮಿಷದ ಕಾಟ

ಶಿರಸಿ ಕಡೆ ಕೊನೆ (ಅಡಿಕೆ ಗೊನೆ) ಕೊಯ್ಲಿನ ಸಮಯ. ಅಂಗಳದಲ್ಲಿ ಅಡಿಕೆ ಸುಲಿಯುವವರ ಮಾತು, ಒಳಗೆ ನಾನು ಕ್ಲಬ್ ನಡೆಸುವ ಕಂಪ್ಯೂಟರ್ ಆಟ ಫುಟ್‌ಬಾಲ್ ಮ್ಯಾನೇಜರ್ ಮುಂದೆ. ಇಂಗ್ಲೆಂಡಿನ 6ನೇ ಹಂತದ ನ್ಯಾಷನಲ್ ಲೀಗ್ ನಾರ್ತ್‌ನಲ್ಲಿ ಒಂದು ಬಡ ಕ್ಲಬ್ ನನ್ನದು. 70 ನಿಮಿಷ ಚೆನ್ನಾಗಿ ಆಡಿ, ಕೊನೆಗೆ ಎರಡು ಗೋಲು ತಿನ್ನೋದು. ಸತತ ಐದು ಪಂದ್ಯ ಇದೇ ಕತೆ. ಗೋಲ್‌ಕೀಪರ್ ಬದಲಿಸಿದೆ, ಸುಮ್ನೆ ದುಡ್ಡು ದಂಡ.

ಚಿಕ್ಕಪ್ಪ ಇಣುಕಿ, ಪರದೆ ಮೇಲೆ ಓಡುವ ಆಟಗಾರರನ್ನು ನೋಡಿ, "ಇವ್ಕೆ ಬೇರೆ ಕೆಲ್ಸ ಇಲ್ಯನಾ ತಮಾ?" ಅಂದರು.

ಇದೆ! ನನ್ನವರೆಲ್ಲ ಅರೆಕಾಲಿಕ ಆಟಗಾರರು, ತರಬೇತಿಯೂ ಕಡಿಮೆ. ದಿನವಿಡೀ ಕೊನೆ ಕೊಯ್ದವನಿಗೆ ಸಂಜೆ ಓಡು ಅಂದ ಹಾಗೆ, ಅವರ ಕೈಲಿ ಗೆಗೆನ್‌ಪ್ರೆಸ್ ಆಡಿಸುತ್ತಿದ್ದೆ; ಅಂದರೆ ಚೆಂಡು ಕಳೆದುಕೊಂಡ ಕೂಡಲೇ ಎದುರಾಳಿ ಮೇಲೆ ಮುಗಿಬಿದ್ದು ಕಸಿಯುವ ಆಟ.

ಪ್ರೆಸ್ಸಿಂಗ್ ಇಳಿಸಿದೆ. ಡಿಫೆನ್ಸ್ ಸಾಲನ್ನು ಹಿಂದಕ್ಕೆಳೆದೆ. ಹಿಂದೆ ನಾಲ್ವರು, ನಡುವೆ ನಾಲ್ವರು, ಮುಂದೆ ಇಬ್ಬರ ಸಾದಾ 4-4-2, ಮುಂದಿನವರಲ್ಲಿ ವೇಗದ ಹುಡುಗನೊಬ್ಬ. ಅವನು ದೊಡ್ಡ ಕ್ಲಬ್ಬಿನಿಂದ ಲೋನ್ ಮೇಲೆ ಬಂದವನು, ಸಂಬಳ ಬಹುಪಾಲು ಅವರದ್ದೇ. ಹೆಸರಿನ ಪಕ್ಕದ ಹೃದಯದ ಗುರುತು ಹಸಿರು ಹೋಗಿ ಹಳದಿಯಾದವರನ್ನು, ಅಂದರೆ ದಣಿದವರನ್ನು, 60ನೇ ನಿಮಿಷಕ್ಕೇ ಹೊರಗೆ ಕರೆದೆ.

ಮುಂದಿನ ಪಂದ್ಯ 1-0. ನೋಡೋಕೆ ಚಂದ ಇರಲಿಲ್ಲ, ಆದರೆ ಪಾಯಿಂಟ್ ಮೂರು ಬಂತು ಅಲ್ವಾ?

"ಆತನಾ ತಮಾ? ಹಂಗಾರೆ ಸುಲಿಯಲೆ ಬಾ."