ಇಪ್ಪತ್ನಾಲ್ಕು ಜನ, ಹನ್ನೆರಡು ಕಿಲೋ ಕಾಫಿಪುಡಿ: ಗೆಳೆಯರ ಗಾಲ್ಫ್ ಕೂಟ ನಡೆಸುವ ಬಗೆ

ನಾನು ಮೊದಲ ಸಲ ಗೆಳೆಯರ ಗಾಲ್ಫ್ ಕೂಟದ ಲೆಕ್ಕ ಹಿಡಿದಾಗ ಇಬ್ಬರು 36 ಅಂಕಗಳಲ್ಲಿ ಸಮನಾಗಿ ನಿಂತರು. ಒಬ್ಬರು ಮೂಡಿಗೆರೆ ಕಡೆಯವರು, ಇನ್ನೊಬ್ಬರು ಸಕಲೇಶಪುರದವರು. ಸಮ ಬಂದರೆ ಗೆಲುವಿನ ಕಪ್ಪು ಯಾರಿಗೆ ಎಂದು ನಾನು ಬೆಳಿಗ್ಗೆಯೇ ಹೇಳಿರಲಿಲ್ಲ. "ಹಿರಿಯರಿಗೆ ಬಿಡುವುದು ತಾನೇ ಕ್ರಮ?" ಎಂದರು ಒಬ್ಬರು. "ಹಿರಿತನಕ್ಕೆ ಹ್ಯಾಂಡಿಕ್ಯಾಪ್‌ನಲ್ಲೇ ಕೊಟ್ಟಾಗಿದೆಯಲ್ಲ" ಎಂದರು ಇನ್ನೊಬ್ಬರು. (ಹ್ಯಾಂಡಿಕ್ಯಾಪ್ ಎಂದರೆ ಆಟದಲ್ಲಿ ಹಿಂದಿರುವವರ ಎಣಿಕೆಯಿಂದ ಕಳೆಯುವ ಹೊಡೆತಗಳ ರಿಯಾಯಿತಿ.) ಕಡುಬು ಆರಿತು, ಕೋಳಿ ಸಾರು ಎರಡು ಸಲ ಒಲೆ ಏರಿ ಇಳಿಯಿತು. ಆ ಮಧ್ಯಾಹ್ನದಿಂದ ನಾನು ಹಿಡಿದಿರುವ ಪಾಠ ಒಂದೇ: ಮೊದಲ ಚೆಂಡು ಹೊಡೆಯುವ ಮುನ್ನವೇ ಲೆಕ್ಕದ ನಿಯಮವೆಲ್ಲ ಕಾಗದದ ಮೇಲೆ ಇರಬೇಕು. ಗಾಲ್ಫ್ ಆಡಿಸುವುದು ಕಷ್ಟವಲ್ಲ, ಆಡಿದ್ದನ್ನು ಎಣಿಸುವುದೇ ಕಷ್ಟ.

ದಿನ ಯಾವುದು?

ಚಿಕ್ಕಮಗಳೂರಿನಲ್ಲಿ ಕೂಟದ ದಿನವನ್ನು ನಿರ್ಧರಿಸುವುದು ಕ್ಯಾಲೆಂಡರ್ ಅಲ್ಲ, ಕಾಫಿ ಗಿಡ. ನವೆಂಬರ್ ಕೊನೆಗೆ ಅರೇಬಿಕಾ ಹಣ್ಣು ಕೊಯ್ಲಿಗೆ ಬಂದರೆ ತೋಟದವರು ಕಣದಿಂದ ಕದಲುವುದಿಲ್ಲ. ಅದು ಮುಗಿಯಿತು ಎನ್ನುವಷ್ಟರಲ್ಲಿ ರೊಬಸ್ಟಾ ಶುರು. ಜೂನ್‌ನಿಂದ ಸೆಪ್ಟೆಂಬರ್ ತನಕ ಬಿದ್ದ ಚೆಂಡು ಬಿದ್ದಲ್ಲೇ ಹೂತುಹೋಗುತ್ತದೆ. ಉಳಿಯುವುದು ಅಕ್ಟೋಬರ್, ಇಲ್ಲವೇ ಹೂಮಳೆ ಬಿದ್ದು ತೋಟದವರ ಮುಖ ಸಡಿಲವಾದ ಏಪ್ರಿಲ್. ಏಪ್ರಿಲ್ ಆದರೆ ಮಧ್ಯಾಹ್ನದ ಗುಡುಗಿಗೆ ಮೊದಲೇ ಆಟ ಮುಗಿಯಬೇಕು. ಗುಡುಗು ಕೇಳಿಸಿದ ತಕ್ಷಣ ಎಲ್ಲರೂ ಕ್ಲಬ್ ಕಟ್ಟಡಕ್ಕೆ. ಒಂಟಿ ಸಿಲ್ವರ್ ಓಕ್ ಮರದಡಿ ನಿಲ್ಲುವ ಧೈರ್ಯ ಯಾರಿಗೂ ಬೇಡ. ಮೈದಾನ ಯಾವುದೇ ಇರಲಿ, ತಿಂಗಳ ಮೊದಲೇ ಕ್ಲಬ್ ಕಚೇರಿಯಲ್ಲಿ ದಿನ ಹಿಡಿದು, ಚೀಲ ಹೊರುವ ಕ್ಯಾಡಿಗಳು ಎಷ್ಟು ಜನ ಸಿಗುತ್ತಾರೆ ಎಂದು ಕೇಳಿಕೊಳ್ಳಿ.

24 ಜನ ಎಂದಿಟ್ಟುಕೊಳ್ಳೋಣ. ನಾಲ್ವರಂತೆ ಆರು ತಂಡ. ಚೆಂಡನ್ನು ಮೊದಲು ಹೊಡೆಯುವ ಜಾಗ ಟೀ; ಅಲ್ಲಿಂದ ಧ್ವಜದ ಗುಂಡಿಯವರೆಗಿನ ಒಂದೊಂದು ಭಾಗ ಒಂದು ಹೋಲ್, ಒಟ್ಟು 18. ಎಲ್ಲರನ್ನೂ ಒಂದನೇ ಟೀಯಿಂದ ಕಳಿಸಿದರೆ, 10 ನಿಮಿಷಕ್ಕೊಂದು ತಂಡದಂತೆ, ಕಡೆಯವರು ಹೊರಡುವಾಗ 50 ನಿಮಿಷ ಕಳೆದಿರುತ್ತದೆ. ಮೂರು ತಂಡ ಒಂದನೇ ಹೋಲ್‌ನಿಂದ, ಮೂರು ತಂಡ ಹತ್ತನೆಯದರಿಂದ ಹೊರಟರೆ 20 ನಿಮಿಷದಲ್ಲಿ ಎಲ್ಲರೂ ಮೈದಾನದಲ್ಲಿ. ಮಂಜು ಕರಗುವ ಏಳೂವರೆಗೆ ಶುರು ಮಾಡಿದರೆ ನಾಲ್ಕೂವರೆ ಗಂಟೆಯ ಆಟ ಮುಗಿದು ಹನ್ನೆರಡೂವರೆ ಒಳಗೆ ಕೈ ತೊಳೆಯಬಹುದು. ಇದಕ್ಕಿಂತ ಬೇಗ ಬೇಡ. ಚೆಂಡು ಎತ್ತ ಹೋಯಿತೆಂದು ಮಂಜನ್ನು ಕೇಳಿದರೆ ಉತ್ತರ ಬರುವುದಿಲ್ಲ.

ಹ್ಯಾಂಡಿಕ್ಯಾಪ್ ಎಂಬ ತಕ್ಕಡಿ

ಹೊಸಬರು ಹೆದರುವುದು ಇಲ್ಲಿಯೇ. ನಿಜವಾಗಿ ಇದು ತೂಕ ಸರಿದೂಗಿಸುವ ಕಲ್ಲು, ಅಷ್ಟೆ. 2020ರಿಂದ ಜಗತ್ತಿಗೆಲ್ಲ ಒಂದೇ ಪದ್ಧತಿ ಬಂದಿದೆ. ನಮ್ಮಲ್ಲಿ ಅದನ್ನು ನೋಡಿಕೊಳ್ಳುವುದು ಭಾರತೀಯ ಗಾಲ್ಫ್ ಯೂನಿಯನ್. ಆಟಗಾರನ ಇತ್ತೀಚಿನ 20 ಸುತ್ತುಗಳ ಹೊಡೆತಗಳನ್ನು ಮೈದಾನದ ಕಷ್ಟಕ್ಕೆ ಹೊಂದಿಸಿದಾಗ ಬರುವ ವ್ಯತ್ಯಾಸಗಳಲ್ಲಿ ಅತ್ಯುತ್ತಮ 8ರ ಸರಾಸರಿಯೇ ಅವನ ಇಂಡೆಕ್ಸ್. ಗರಿಷ್ಠ 54. ಹೊಸದಾಗಿ ಪಡೆಯಲು 54 ಹೋಲ್‌ಗಳ ಕಾರ್ಡ್ ಸಾಕು.

ಇಂಡೆಕ್ಸ್ ಅನ್ನು ನೇರವಾಗಿ ಕಳೆಯಬಾರದು. ಅದನ್ನು ಆ ಮೈದಾನಕ್ಕೆ ಹೊಂದಿಸಬೇಕು: ಇಂಡೆಕ್ಸನ್ನು ಮೈದಾನದ ಸ್ಲೋಪ್ ಅಂಕಿಯಿಂದ (ಸಾಮಾನ್ಯ ಆಟಗಾರನಿಗೆ ಅದು ಎಷ್ಟು ಕಷ್ಟ ಎಂಬ ಅಳತೆ) ಗುಣಿಸಿ, 113ರಿಂದ ಭಾಗಿಸಿ, ಬಂದದ್ದಕ್ಕೆ ಕೋರ್ಸ್ ರೇಟಿಂಗ್‌ನಿಂದ (ನುರಿತ ಆಟಗಾರನಿಗೆ ಅಲ್ಲಿ ಬೇಕಾಗುವ ಹೊಡೆತಗಳ ಅಂದಾಜು) ಪಾರ್ (ನಿಗದಿಯಾದ ಹೊಡೆತಗಳ ಸಂಖ್ಯೆ) ಕಳೆದ ಮೊತ್ತವನ್ನು ಸೇರಿಸಿ. ಉದಾಹರಣೆಗೆ ಇಂಡೆಕ್ಸ್ 18.4, ಸ್ಲೋಪ್ 120, ರೇಟಿಂಗ್ 70.5, ಪಾರ್ 71 ಎಂದುಕೊಳ್ಳಿ. 18.4ನ್ನು 120ರಿಂದ ಗುಣಿಸಿ 113ರಿಂದ ಭಾಗಿಸಿದರೆ 19.54, ರೇಟಿಂಗ್ ಪಾರ್‌ಗಿಂತ 0.5 ಕಡಿಮೆ ಇರುವುದರಿಂದ ಅದರಲ್ಲಿ 0.5 ಕಳೆದರೆ 19.04. ಅಂದರೆ 19 ಹೊಡೆತಗಳ ರಿಯಾಯಿತಿ: 18 ಹೋಲ್‌ಗಳಲ್ಲಿ ಒಂದೊಂದು, ಕಾರ್ಡ್‌ನಲ್ಲಿ ಸ್ಟ್ರೋಕ್ ಇಂಡೆಕ್ಸ್ 1 ಎಂದಿರುವ ಅತಿ ಕಷ್ಟದ ಹೋಲ್‌ನಲ್ಲಿ ಇನ್ನೊಂದು. ಕನಿಷ್ಠ 30 ಜನರಾದರೂ ಇರುವ ವೈಯಕ್ತಿಕ ಸ್ಪರ್ಧೆಯಲ್ಲಿ ಇದರ ಶೇ 95ರಷ್ಟು ಮಾತ್ರ ಕೊಡಬೇಕೆಂಬ ಶಿಫಾರಸಿದೆ. ಹಾಗೆ ಮಾಡಿದರೆ ಇವರಿಗೆ 18. ಗೆಳೆಯರ ಕೂಟದಲ್ಲಿ ನಾನು ಆ ಶೇ 5ರ ಗೊಡವೆಗೆ ಹೋಗುವುದಿಲ್ಲ. ಆದರೆ ಯಾವುದನ್ನು ಹಿಡಿದಿದ್ದೇವೆ ಎಂದು ಹಿಂದಿನ ರಾತ್ರಿಯೇ ವಾಟ್ಸ್‌ಆ್ಯಪ್‌ನಲ್ಲಿ ಹಾಕಿಬಿಡುತ್ತೇನೆ.

ಎಣಿಕೆಗೆ ಸ್ಟೇಬಲ್‌ಫೋರ್ಡ್ ಅಂಕಪದ್ಧತಿಗಿಂತ ಒಳ್ಳೆಯದಿಲ್ಲ. ಫ್ರ್ಯಾಂಕ್ ಸ್ಟೇಬಲ್‌ಫೋರ್ಡ್ ಎಂಬ ಇಂಗ್ಲಿಷ್ ವೈದ್ಯ ರೂಪಿಸಿದ್ದು; 1932ರಿಂದ ಚಾಲ್ತಿಯಲ್ಲಿದೆ. ರಿಯಾಯಿತಿ ಕಳೆದ ಮೇಲೆ ಪಾರ್‌ಗೆ 2 ಅಂಕ, ಒಂದು ಕಡಿಮೆಯಾದ ಬರ್ಡಿಗೆ 3, ಎರಡು ಕಡಿಮೆಯಾದ ಈಗಲ್‌ಗೆ 4, ಒಂದು ಹೆಚ್ಚಾದ ಬೋಗಿಗೆ 1, ಅದಕ್ಕಿಂತ ಕೆಟ್ಟರೆ ಸೊನ್ನೆ. ಮೇಲಿನ ಆಟಗಾರ ಅತಿ ಕಷ್ಟದ ಪಾರ್ 4 ಹೋಲ್‌ನಲ್ಲಿ 7 ಹೊಡೆದರೆ ಎರಡು ಕಳೆದು 5, ಅಂದರೆ ಬೋಗಿ, 1 ಅಂಕ. ಇದರ ದೊಡ್ಡ ಉಪಕಾರವೆಂದರೆ, ಅಂಕ ಬರುವುದಿಲ್ಲ ಎಂದು ಗೊತ್ತಾದವರು ಚೆಂಡನ್ನು ಜೇಬಿಗೆ ಹಾಕಿಕೊಂಡು ಮುಂದೆ ನಡೆಯಬಹುದು. ಒಂದು ಹೋಲ್ ಕೆಟ್ಟಿತೆಂದು ಇಡೀ ದಿನ ಕೆಡುವುದಿಲ್ಲ, ಹಿಂದಿನ ತಂಡವೂ ಕಾಯಬೇಕಿಲ್ಲ.

ತನ್ನ ಹ್ಯಾಂಡಿಕ್ಯಾಪ್‌ಗೆ ತಕ್ಕಂತೆ ಆಡಿದವನಿಗೆ 36 ಅಂಕ. "ಅಯ್ಯೋ, ನನಗೇನು ಬರುತ್ತದೆ, ಹ್ಯಾಂಡಿಕ್ಯಾಪ್ 28 ಬರೆದುಕೊಳ್ಳಿ" ಎಂದವರು 44 ಅಂಕ ತಂದರೆ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಿದೆ ಎಂದರ್ಥ. ನಮ್ಮಲ್ಲಿ 40 ದಾಟಿದವರಿಗೆ ಮುಂದಿನ ಕೂಟದಲ್ಲಿ ದಾಟಿದಷ್ಟು ಕಡಿತ. ಯಾರೂ ಇದಕ್ಕೆ ಜಗಳ ಮಾಡಿಲ್ಲ, ಏಕೆಂದರೆ ಎಲ್ಲರೂ ಒಂದಲ್ಲ ಒಂದು ಸಲ ಆ ಹಾಲು ಕುಡಿದವರೇ.

ಹ್ಯಾಂಡಿಕ್ಯಾಪ್ ಇಲ್ಲದ ಭಾವಮೈದುನ

ಪ್ರತಿ ಕೂಟಕ್ಕೂ ಬೆಂಗಳೂರಿನಿಂದ ಇಂಥ ಇಬ್ಬರು ಮೂವರು ಬಂದೇ ಬರುತ್ತಾರೆ. ಇವರಿಗಾಗಿ ಪಿಯೋರಿಯಾ ಎಂಬ ಗುಟ್ಟಿನ ಲೆಕ್ಕವಿದೆ. ಪಾರ್ 72 ಇರುವ ಮೈದಾನದಲ್ಲಿ ಆರು ಹೋಲ್‌ಗಳನ್ನು ಯಾರಿಗೂ ತಿಳಿಯದಂತೆ ಆರಿಸಿ: ಪಾರ್ 3 ಒಂದು, ಪಾರ್ 5 ಒಂದು, ಪಾರ್ 4 ನಾಲ್ಕು. ಚೀಟಿಯನ್ನು ಲಕೋಟೆಯಲ್ಲಿ ಅಂಟಿಸಿಡಿ. ಆಟ ಮುಗಿದ ಮೇಲೆ ಆ ಆರರ ಹೊಡೆತಗಳನ್ನು ಕೂಡಿಸಿ, ಮೂರರಿಂದ ಗುಣಿಸಿ, 72 ಕಳೆದು, ಉಳಿದದ್ದರ ಶೇ 80 ತೆಗೆದರೆ ಆ ದಿನದ ಹ್ಯಾಂಡಿಕ್ಯಾಪ್. ಆರು ಹೋಲ್‌ಗೆ 39 ಹೊಡೆದವರಿಗೆ 117. 72 ಕಳೆದರೆ 45. ಶೇ 80 ಎಂದರೆ 36. ಒಟ್ಟು 118 ಹೊಡೆದಿದ್ದರೆ ನಿವ್ವಳ 82. ಒಂದು ಹೋಲ್‌ಗೆ ಪಾರ್‌ನ ಎರಡರಷ್ಟೇ ಮಿತಿ. ಅಷ್ಟಾದ ಮೇಲೆ ಚೆಂಡು ಎತ್ತಿಕೊಳ್ಳಲಿ.

ಇದರಲ್ಲಿ ಅರ್ಧ ಅದೃಷ್ಟ. ಲಕೋಟೆಯೊಳಗಿನ ಹೋಲ್‌ಗಳಲ್ಲೇ ಕೆಟ್ಟದಾಗಿ ಆಡಿದವರು ಗೆಲ್ಲುತ್ತಾರೆ. ಹಾಗಾಗಿ ಅತಿಥಿಗಳ ಬಹುಮಾನ ಬೇರೆಯೇ ಇರಲಿ, ಸದಸ್ಯರ ಕಪ್ಪಿನೊಂದಿಗೆ ಬೆರೆಸಬೇಡಿ. ಅತಿಥಿಗಳೇ ಹೆಚ್ಚಿದ್ದರೆ ಸ್ಕ್ರ್ಯಾಂಬಲ್ ಆಡಿಸುವುದು ಮೇಲು: ನಾಲ್ವರೂ ಹೊಡೆದು, ಚೆನ್ನಾಗಿ ಬಿದ್ದ ಚೆಂಡಿನ ಜಾಗದಿಂದ ಮತ್ತೆ ನಾಲ್ವರೂ ಹೊಡೆಯುವುದು. ತಂಡದ ರಿಯಾಯಿತಿಗೆ ಕಡಿಮೆ ಹ್ಯಾಂಡಿಕ್ಯಾಪ್‌ನವರಿಂದ ಹಿಡಿದು ಶೇ 25, 20, 15, 10 ತೆಗೆದು ಕೂಡಿಸಬೇಕು. 8, 16, 24, 36 ಇರುವ ತಂಡಕ್ಕೆ 12.4, ಅಂದರೆ 12.

ಕಾಫಿಪುಡಿಯ ಪಂದ್ಯಗಳು

ನಗದು ಪಣಕ್ಕೆ ನನ್ನ ಒಪ್ಪಿಗೆಯಿಲ್ಲ. ನಮ್ಮ ಕೂಟದಲ್ಲಿ ಪ್ರತಿಯೊಬ್ಬರೂ ಅರ್ಧ ಕಿಲೋ ಕಾಫಿಪುಡಿ ತಂದು ಮೇಜಿನ ಮೇಲಿಡಬೇಕು. 24 ಜನಕ್ಕೆ 12 ಕಿಲೋ. ಸ್ವಂತ ತೋಟದ್ದಾದರೆ ಗೌರವ. ಚಿಕೋರಿ ಎಷ್ಟು ಬೆರೆಸಿದೆ ಎಂಬ ಚರ್ಚೆಗೆ ಪ್ರತ್ಯೇಕ ಸಮಯವಿಲ್ಲ.

ಅದರಲ್ಲಿ ಆರು ಕಿಲೋ ಸ್ಕಿನ್ಸ್ ಆಟಕ್ಕೆ, ತಂಡಕ್ಕೆ ಒಂದೊಂದು. ಪ್ರತಿ ಹೋಲ್‌ನಲ್ಲಿ ಒಬ್ಬರೇ ಎಲ್ಲರಿಗಿಂತ ಕಡಿಮೆ ಹೊಡೆದರೆ ಒಂದು ಸ್ಕಿನ್. ಇಬ್ಬರು ಸಮವಾದರೆ ಯಾರಿಗೂ ಇಲ್ಲ, ಮುಂದಿನ ಹೋಲ್‌ಗೆ ಕೂಡಿಕೊಳ್ಳುತ್ತದೆ. ರಿಯಾಯಿತಿಯನ್ನು ತಂಡದ ಅತಿ ಕಡಿಮೆಯವರಿಂದ ಲೆಕ್ಕ ಹಾಕಿ: 9, 14, 19, 27 ಇದ್ದರೆ ಕ್ರಮವಾಗಿ 0, 5, 10, 18. ಮೊದಲ ಹೋಲ್‌ನಲ್ಲಿ ನಿವ್ವಳ 4, 4, 5, 6, ಸಮ. ಎರಡನೆಯದರಲ್ಲಿ 3, 3, 4, 5, ಮತ್ತೆ ಸಮ. ಮೂರನೆಯದು ಪಾರ್ 3. ಈವರೆಗೆ ಬಾಯಿ ಬಿಡದ 27ರ ಆಸಾಮಿ ಹದಿನೈದು ಅಡಿಯಿಂದ ಚೆಂಡು ಒಳಗೆ ತಳ್ಳಿ ನಿವ್ವಳ 2 ಮಾಡಿಕೊಂಡರೆ ಮೂರೂ ಅವರವೇ. ಉಳಿದ ಮೂವರ ಮುಖ ನೋಡಲಿಕ್ಕಾದರೂ ಈ ಆಟ ಆಡಬೇಕು.

ಪಾರ್ 3 ಹೋಲ್‌ಗಳು ನಾಲ್ಕಿದ್ದರೆ ಧ್ವಜಕ್ಕೆ ಹತ್ತಿರ ಹೊಡೆದವರಿಗೆ ಅರ್ಧರ್ಧ ಕಿಲೋ. ಚೆಂಡು ಗ್ರೀನ್ (ಗುಂಡಿಯ ಸುತ್ತಲಿನ ನುಣುಪು ಹುಲ್ಲು) ಮೇಲೆಯೇ ಇರಬೇಕು, ಟೀಯಿಂದ ಹೊಡೆದ ಮೊದಲ ಹೊಡೆತದಲ್ಲೇ. ಅಳೆಯಲು ಕಾಫಿ ಸಸಿ ನೆಡುವಾಗ ಗುಂಡಿ ಗುರುತಿಸುವ ಹಗ್ಗ ಮತ್ತು ಗೂಟ ಸಾಕು. ಗುಂಡಿಯಿಂದ ಚೆಂಡಿಗಿರುವ ದೂರಕ್ಕೆ ಹಗ್ಗದಲ್ಲಿ ಗಂಟು ಹಾಕಿ, ಗೂಟಕ್ಕೆ ಸಿಕ್ಕಿಸಿದ ಚೀಟಿಯಲ್ಲಿ ಹೆಸರು ಬರೆದು ಹೋಗಲಿ. ಹಿಂದಿನ ತಂಡದವರ ಚೆಂಡು ಗಂಟಿನೊಳಗೆ ಬಿದ್ದರೆ ಮಾತ್ರ ಹೆಸರು ಬದಲಿಸಲಿ. ಪೆನ್ಸಿಲ್ ಕಟ್ಟಿಡಿ. ಇಬ್ಬನಿಯಲ್ಲಿ ಪೆನ್ ಬರೆಯುವುದಿಲ್ಲ. ದೂರದ ಹೊಡೆತಕ್ಕೆ ಒಂದೊಂದು ಕಿಲೋದ ಎರಡು ಬಹುಮಾನ, ಒಂದು ಅರವತ್ತು ದಾಟಿದವರಿಗೆ. ಚೆಂಡು ಫೇರ್‌ವೇಯಲ್ಲಿ (ಹುಲ್ಲು ಕತ್ತರಿಸಿದ ಹಾದಿಯಲ್ಲಿ) ನಿಂತರೆ ಮಾತ್ರ. ಉಳಿದ ಎರಡು ಕಿಲೋದಲ್ಲಿ ಒಂದು ಕಟ್ಟಕಡೆಯ ಸ್ಥಾನದವರಿಗೆ, ಇನ್ನೊಂದು ಊಟದ ನಂತರದ ಲೋಟಗಳಿಗೆ.

ಚೆಂಡು ಕಳೆದರೆ, ಸಮ ಬಂದರೆ

ನಿಯಮದ ಪ್ರಕಾರ ಚೆಂಡು ಹುಡುಕಲು ಮೂರು ನಿಮಿಷ. ಮಳೆ ಬಿದ್ದ ವಾರವಾದರೆ ಪೊದೆಯಲ್ಲಿ ಇಂಬಳಕ್ಕೆ ನಿಮ್ಮನ್ನು ಹುಡುಕಲು ಅಷ್ಟು ಹೊತ್ತೂ ಬೇಡ. ಸಿಗದಿದ್ದರೆ ಮತ್ತೆ ಟೀಗೆ ನಡೆಯುವ ಬದಲು, 2019ರಿಂದ ಅವಕಾಶವಿರುವ ಸ್ಥಳೀಯ ನಿಯಮವನ್ನು ಜಾರಿ ಮಾಡಿ: ಕಳೆದ ಜಾಗದ ಸಮಕ್ಕೆ ಫೇರ್‌ವೇ ಅಂಚಿನಲ್ಲಿ ಚೆಂಡು ಬೀಳಿಸಿ, ಎರಡು ಹೊಡೆತದ ದಂಡ.

ಸಮ ಬಂದರೆ ಕೊನೆಯ 9 ಹೋಲ್‌ಗಳ ಅಂಕ ನೋಡಿ. ಅದೂ ಸಮವಾದರೆ ಕೊನೆಯ 6, ಆಮೇಲೆ 3, ಆಮೇಲೆ ಹದಿನೆಂಟನೆಯದು. ಹತ್ತನೇ ಟೀಯಿಂದ ಹೊರಟವರು "ನಮಗೆ ಕೊನೆಯ ಒಂಬತ್ತೆಂದರೆ ಮೊದಲ ಒಂಬತ್ತು" ಎಂದು ವಾದಿಸುತ್ತಾರೆ. ಕೊನೆಯ 9 ಎಂದರೆ ಕಾರ್ಡ್‌ನ 10ರಿಂದ 18, ಯಾರು ಎಲ್ಲಿಂದ ಹೊರಟರೂ ಅಷ್ಟೇ ಎಂದು ದಪ್ಪ ಅಕ್ಷರದಲ್ಲಿ ಬರೆದಿಡಿ.

ಕಾರ್ಡ್‌ಗಳನ್ನು ತಂಡದೊಳಗೆ ಅದಲುಬದಲು ಮಾಡಿಕೊಂಡು ಒಬ್ಬರದನ್ನು ಇನ್ನೊಬ್ಬರು ಬರೆಯಲಿ, ಇಬ್ಬರೂ ಸಹಿ ಹಾಕಲಿ. ಕೂಡಿಸಲು ಇಬ್ಬರು ಕೂರಿ. ಒಬ್ಬರು ಓದಬೇಕು, ಇನ್ನೊಬ್ಬರು ಬರೆಯಬೇಕು. ಕ್ಯಾಡಿಗಳ ಕೂಲಿಯನ್ನು ಆಟಗಾರರು ಕೈ ತೊಳೆಯುವ ಮುನ್ನವೇ ಕೊಟ್ಟು, ಅವರ ಊಟವನ್ನೂ ಬಡಿಸಿ. ಲಕೋಟೆಯನ್ನು ಮಾತ್ರ ಕಡುಬು ಎರಡನೇ ಸುತ್ತು ಬಂದ ಮೇಲೆ ಒಡೆಯಿರಿ. ಅಷ್ಟರಲ್ಲಿ ಭಾವಮೈದುನನ ಬಾಯಿ ತುಂಬಿರುತ್ತದೆ.