ಗ್ಯಾಸಿನ ತೇವ ಅಳೆಯುವ ಲೇಸರ್: ಕೂರಿಸುವುದು ಹೇಗೆ?

ಗ್ಯಾಸಿನ ನೀರು ಹೀರುವ ಗ್ಲೈಕಾಲ್ ಟವರ್ ದಾಟಿ ಬಂದ ನೈಸರ್ಗಿಕ ಅನಿಲದಲ್ಲಿ ನೀರಾವಿ ಎಷ್ಟು ಉಳಿದಿದೆ ಎಂದು ನೋಡಲು ಲೇಸರ್ ಅನಲೈಸರ್ ತರಿಸುತ್ತಾರೆ. ಸೆಲ್ ಎಂಬ ಪುಟ್ಟ ಕೋಣೆಯಲ್ಲಿ ಗ್ಯಾಸಿನ ಮೂಲಕ ಹಾದು ಕನ್ನಡಿಗೆ ಬಡಿದು ಮರಳುವ ಲೇಸರ್ ಬೆಳಕಲ್ಲಿ ನೀರಾವಿ ಎಷ್ಟು ಹೀರಿದೆ ಎಂದು ಅದರ ಡಿಟೆಕ್ಟರ್ ನೋಡುತ್ತದೆ. ಅಮೆರಿಕದ ಪೈಪ್‌ಲೈನ್‌ಗಳಲ್ಲಿ ರೂಢಿಯ ಮಿತಿ ಹತ್ತು ಲಕ್ಷ ಘನ ಅಡಿಗೆ 7 ಪೌಂಡ್, ಅಂದರೆ ಸುಮಾರು 147 ಪಿಪಿಎಂ (ಹತ್ತು ಲಕ್ಷಕ್ಕೆ 147 ಭಾಗ). ಯಂತ್ರಕ್ಕೆ ದುಡ್ಡು ಸುರಿದು ಸ್ಯಾಂಪಲ್ ಕೊಳವೆಯಲ್ಲಿ ಜುಗ್ಗತನ ತೋರಿದರೆ, ಅದು ಗ್ಯಾಸಿನ ಬದಲು ಕೊಳವೆಯ ತೇವವನ್ನು ಅಳೆಯುತ್ತದೆ.

ಹೆಜ್ಜೆ 1: ಸ್ಯಾಂಪಲ್ ಎಳೆಯುವ ಪ್ರೋಬನ್ನು ಪೈಪಿನ ಮೇಲ್ಭಾಗದಿಂದ ಇಳಿಸಿ, ತುದಿ ನಡುವಿನ ಮೂರನೇ ಒಂದು ಭಾಗದಲ್ಲಿರಲಿ. ಗೋಡೆಯ ಗುಂಟ ದ್ರವ ಹರಿಯುತ್ತದೆ.

ಹೆಜ್ಜೆ 2: ಕೆಲಸ ಕೆಡುವುದು ಇಲ್ಲಿ. 70 ಬಾರ್ ಒತ್ತಡವನ್ನು 2 ಬಾರ್‌ಗೆ ಇಳಿಸಿದರೆ, ಬಾರ್‌ಗೆ ಸುಮಾರು ಅರ್ಧ ಡಿಗ್ರಿಯಂತೆ ಗ್ಯಾಸ್ 35 ಡಿಗ್ರಿಯಷ್ಟು ತಣ್ಣಗಾಗುತ್ತದೆ. ಭಾರದ ಹೈಡ್ರೋಕಾರ್ಬನ್‌ಗಳು ಹನಿಗಟ್ಟುತ್ತವೆ, ಆ ಹನಿಗಳು ಕನ್ನಡಿಗೆ ಮೆತ್ತುತ್ತವೆ. ಆದ್ದರಿಂದ ಒತ್ತಡ ಇಳಿಸುವ ರೆಗ್ಯುಲೇಟರ್ ಬಿಸಿಯದೇ ಆಗಿರಬೇಕು, ಅದರ ಮುಂಚೆಯೇ ದ್ರವ ತಡೆಯುವ ಮೆಂಬ್ರೇನ್ ಫಿಲ್ಟರ್ ಬೇಕು. ಗ್ಲೈಕಾಲ್, ಕಂಪ್ರೆಸರ್ ಎಣ್ಣೆ ಎರಡೂ ಅಲ್ಲೇ ನಿಲ್ಲಲಿ. ಅಲ್ಲಿಂದ ಅನಲೈಸರ್‌ವರೆಗೆ ಕೊಳವೆಗೆ ಹೀಟ್ ಟ್ರೇಸಿಂಗ್ (ಬಿಸಿ ಮಾಡುವ ತಂತಿ) ಸುತ್ತಿ. ಕೀಲುಗಳನ್ನು ಬೆತ್ತಲೆ ಬಿಟ್ಟರೆ ಅಲ್ಲೇ ತಣ್ಣಗಾಗುತ್ತದೆ.

ಕೊಳವೆ ಕಾಲಿಂಚಿನ, ಒಳಮೈ ನಯಗೊಳಿಸಿದ 316 ಸ್ಟೇನ್‌ಲೆಸ್ ಸ್ಟೀಲ್. ಟೆಫ್ಲಾನ್, ರಬ್ಬರ್ ಬೇಡವೇ ಬೇಡ. ಒಳಗೆ ಒತ್ತಡ ಹೆಚ್ಚಿದೆಯಲ್ಲ, ಹೊರಗಿನ ತೇವ ಹೇಗೆ ಬಂದೀತು ಎಂದು ವಾದಿಸುವವರಿದ್ದಾರೆ. ನೀರಾವಿ ನೋಡುವುದು ತನ್ನ ಪಾಲಿನ ಒತ್ತಡವನ್ನು ಮಾತ್ರ, ಗ್ಯಾಸಿನ ಒಟ್ಟು ಒತ್ತಡವನ್ನಲ್ಲ. ಮಳೆಗಾಲದ ಗಾಳಿಯಿಂದ ಒಣ ಗ್ಯಾಸಿಗೆ ಪ್ಲಾಸ್ಟಿಕ್ಕಿನ ಮೂಲಕ ನುಸುಳಿಯೇ ನುಸುಳುತ್ತದೆ. ಸೋಪು ನೀರಿನ ಪರೀಕ್ಷೆಯಲ್ಲಿ ಗುಳ್ಳೆಯೂ ಏಳುವುದಿಲ್ಲ.

ಹೆಜ್ಜೆ 3: ಗ್ಯಾಸ್ ಹರಿಯಲು ಬಿಡಿ. ಕೊಳವೆಯ ಗೋಡೆ ಹಿಡಿದಿಟ್ಟ ನೀರು ಬಿಡಲು ಗಂಟೆಗಟ್ಟಲೆ ಹಿಡಿಯುತ್ತದೆ, ರೀಡಿಂಗ್ ನಿಧಾನವಾಗಿ ಇಳಿಯುತ್ತದೆ. ಆ ಹೊತ್ತಿನಲ್ಲಿ ಯಂತ್ರದ ಝೀರೋ (ಸೊನ್ನೆಯ ಹೊಂದಾಣಿಕೆ) ತಿರುಚಬೇಡಿ.

ಹೆಜ್ಜೆ 4: ಸಾಫ್ಟ್‌ವೇರ್‌ನಲ್ಲಿ ಗ್ಯಾಸಿನ ಘಟಕಗಳನ್ನು ಸರಿಯಾಗಿ ತುಂಬಿ. ನೀರನ್ನು ಗುರುತಿಸುವ ಅಲೆಯುದ್ದದ ಆಸುಪಾಸಿನಲ್ಲಿ ಮೀಥೇನ್ ಕೂಡ ಬೆಳಕು ಹೀರುತ್ತದೆ. ಗ್ಯಾಸನ್ನು ಅತಿಯಾಗಿ ತಣ್ಣಗಾಗಿಸುವ ಕ್ರಯೋಜೆನಿಕ್ ಘಟಕಕ್ಕೆ ಮುಂಚೆ ತೇವ ಹೀರುವ ಮಾಲಿಕ್ಯುಲರ್ ಸೀವ್ ಇರುವಲ್ಲಿನಂತೆ 1 ಪಿಪಿಎಂಗಿಂತ ಕಡಿಮೆ ಅಳೆಯಬೇಕಾದರೆ, ಅದೇ ಗ್ಯಾಸನ್ನು ಡ್ರೈಯರ್ ಮೂಲಕ ಹಾಯಿಸಿ ವ್ಯತ್ಯಾಸ ತೆಗೆಯುವ ಮಾದರಿಯನ್ನೇ ಕೊಳ್ಳಿ. ಹೈಡ್ರೋಜನ್ ಸಲ್ಫೈಡ್ ಅಳೆಯಲು ಬೇರೆ ಅಲೆಯುದ್ದದ ಲೇಸರ್, ಡ್ರೈಯರ್ ಬದಲು ಆ ಸಲ್ಫೈಡನ್ನು ಹೀರುವ ಸ್ಕ್ರಬ್ಬರ್ ಬೇಕು.

ಅಳೆದ ಗ್ಯಾಸ್ ಹೊರಹೋಗುವ ವೆಂಟನ್ನು ಫ್ಲೇರ್‌ಗೆ (ಗ್ಯಾಸ್ ಉರಿಸುವ ಚಿಮಣಿಗೆ) ಜೋಡಿಸಿದ್ದರೆ ಅಲ್ಲಿನ ಒತ್ತಡ ಏರಿಳಿದಂತೆ ರೀಡಿಂಗೂ ಕುಣಿಯಬಹುದು. ಸೆಲ್ಲಿನ ಒತ್ತಡ ಸ್ಥಿರವಾಗಿಡುವ ಬ್ಯಾಕ್ ಪ್ರೆಷರ್ ರೆಗ್ಯುಲೇಟರ್ ಹಾಕಿ.

ಹೆಜ್ಜೆ 5: ಡಿಟೆಕ್ಟರ್‌ಗೆ ತಲುಪುವ ಬೆಳಕಿನ ಪ್ರಮಾಣವನ್ನು ದಾಖಲಿಸುತ್ತಿರಿ. ಅದು ಕುಸಿದರೆ ಕನ್ನಡಿ ಕೊಳೆಯಾಗಿದೆ. ಮುಚ್ಚಳ ತೆಗೆಯುವ ಮುಂಚೆ ಸೆಲ್ಲಿಗೆ ನೈಟ್ರೋಜನ್ ಹಾಯಿಸಿ, ಕನ್ನಡಿ ಕೂತ ದಿಕ್ಕಿಗೆ ಗುರುತು ಹಾಕಿ, ಲೆನ್ಸ್ ಟಿಶ್ಯೂಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒಂದೇ ದಿಕ್ಕಿಗೆ ಒರೆಸಿ. ಒರೆಸಿದ ಟಿಶ್ಯೂ ಜಿಡ್ಡಾಗಿದ್ದರೆ ಎರಡನೇ ಹೆಜ್ಜೆಯ ಫಿಲ್ಟರ್ ಬಿಚ್ಚಿ ನೋಡಿ.